ಇನ್ನೂರ ಹದಿನಾಲ್ಕನೆಯ ವಾಕ್ಯ

ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆಸಬೇಕಾದವರು ಆಪರೇಷನ್ನಿಗೆ ಮುಂಚೆ ಆ ಆಸ್ಪತ್ರೆಯ ಮೂರನೆಯ ಮಹಡಿಗೆ ಬರುತ್ತಿದ್ದರು. ಅಲ್ಲಿ ಗೋಡೆಗೆಲ್ಲ ಸ್ಪಂಜು ಅಂಟಿಸಿದ ಸಣ್ಣ ಕೋಣೆಯಲ್ಲಿ, ದಿನಕ್ಕೆ ಒಬ್ಬರಂತೆ, ಕೂತು ಮುನ್ನೂರು ವಾಕ್ಯ ಓದಬೇಕು. ಅದರಿಂದ ಅವರದೇ ಧ್ವನಿಯನ್ನು ಕಟ್ಟಿ, ಅಂಗೈಯಗಲದ ಯಂತ್ರಕ್ಕೆ ತುಂಬಿಸಿ ಕೊಡುತ್ತಿದ್ದರು. ಆಮೇಲೆ ಏನು ಟೈಪ್ ಮಾಡಿದರೂ ಯಂತ್ರ ಅವರ ಧ್ವನಿಯಲ್ಲೇ ಹೇಳುತ್ತಿತ್ತು.

ಆ ರೆಕಾರ್ಡಿಂಗುಗಳನ್ನು ನೋಡಿಕೊಳ್ಳುವವನನ್ನು ಎಲ್ಲರೂ ಫೈಲಯ್ಯ ಅನ್ನುತ್ತಿದ್ದರು. ನಲವತ್ತು ದಾಟಿದವನು, ಮಾತು ಕಡಿಮೆ. ಅವನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅರವತ್ತು ಸಾಲಿನ ಒಂದು ಪ್ರೋಗ್ರಾಮ್ ಬರೆದಿದ್ದ. ಅದು ಸಂಜೆ ಐದಕ್ಕೆ ರೆಕಾರ್ಡರಿನ ಕಾರ್ಡಿನಿಂದ ಫೈಲುಗಳನ್ನು ತೆಗೆದುಕೊಂಡು, ತಾರೀಕು ಮತ್ತು ವಾಕ್ಯದ ನಂಬರು ಸೇರಿಸಿ ಹೊಸ ಹೆಸರಿಡುತ್ತಿತ್ತು. ದೊಡ್ಡ ಡಿಸ್ಕಿಗೂ ಬ್ಯಾಕಪ್ಪಿಗೂ ಕಾಪಿ ಮಾಡಿ, ಕೊನೆಗೆ ಕಾರ್ಡನ್ನು ಅಳಿಸಿ ಮರುದಿನಕ್ಕೆ ಖಾಲಿ ಮಾಡಿಡುತ್ತಿತ್ತು. ಎರಡು ವರ್ಷ ಅದು ಚಕಾರ ಎತ್ತದೆ ಓಡಿತ್ತು.

ರೋಗಿಗಳು ಹೆಚ್ಚಾದರೆಂದು ಎರಡನೆಯ ರೆಕಾರ್ಡಿಂಗ್ ಕೋಣೆ ತೆರೆದರು. ಆ ವಾರದಿಂದ ಪ್ರೋಗ್ರಾಮ್ ಅರ್ಧಕ್ಕೇ ನಿಲ್ಲತೊಡಗಿತು. ‘ಈ ಹೆಸರಿನ ಫೈಲ್ ಆಗಲೇ ಇದೆ’ ಎಂಬ ಒಂದೇ ದೂರು. ಫೈಲಯ್ಯ ಮೊದಲ ದಿನ ಕೂತು ನೋಡಿದ. ರೆಕಾರ್ಡಿಂಗಿನ ನರ್ಸ್ ಅವಸರದಲ್ಲಿ, ಅಳಿಸುವ ಮೊದಲೇ ಕಾರ್ಡನ್ನು ಕಿತ್ತು, ಅದನ್ನೇ ಎರಡನೆಯ ಸಲ ಹಾಕಿದ್ದಳು. ಎರಡನೆಯ ದಿನವೂ ಅದೇ. ಮೂರನೆಯ ದಿನ ಅವನು ನೋಡಲಿಲ್ಲ.

ವಿಭಾಗದ ಮುಖ್ಯಸ್ಥೆಯನ್ನು ಹಿಂದಿನಿಂದ ಎಲ್ಲರೂ ದೊಡ್ಡಮೇಡಂ ಅನ್ನುತ್ತಿದ್ದರು. ಆಕೆ ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ಅಂದರು: “ಏನ್ರೀ, ನಿಮ್ಮ ಪ್ರೋಗ್ರಾಮು ಹೊಸ ಅಳಿಯನ ಥರ ದಿನಾ ಮುನಿಸ್ಕೊಳ್ಳುತ್ತಲ್ಲ. ನಾಳೆಯಿಂದ ನಿಲ್ಲಬಾರದು. ನಿಂತರೆ ನೀವೇ ಕಾಪಿ ಮಾಡ್ತಾ ಕೂತ್ಕೊಳ್ಳಿ.”

ನರ್ಸುಗಳು ನಕ್ಕರು. ಫೈಲಯ್ಯ ಪ್ರೋಗ್ರಾಮ್ ತೆರೆದು, ಹೆಸರು ಬದಲಿಸುವ ಸಾಲಿನಲ್ಲಿ ಒಂದು ಪದ ತೆಗೆದು ಇನ್ನೊಂದು ಹಾಕಿದ. ಹಳೆಯ ಪದ, ಅದೇ ಹೆಸರಿನ ಫೈಲ್ ಕಂಡರೆ ನಿಲ್ಲುತ್ತಿತ್ತು. ಹೊಸ ಪದ ಯಾರನ್ನೂ ಕೇಳುತ್ತಿರಲಿಲ್ಲ; ಹಳೆಯ ಫೈಲನ್ನು ಅಳಿಸಿ ಅದರ ಜಾಗದಲ್ಲಿ ಹೊಸದನ್ನು ಕೂರಿಸುತ್ತಿತ್ತು. ಒಂದೇ ಕಾರ್ಡು ಎರಡು ಸಲ ಬಂದರೆ ಏನು ನಷ್ಟ ಎಂದುಕೊಂಡ. ಎರಡು ಕೋಣೆಗಳಲ್ಲಿ ಒಂದೇ ದಿನ ಇಬ್ಬರು ಓದಿದರೆ ಇಬ್ಬರ ಫೈಲುಗಳಿಗೂ ಒಂದೇ ಹೆಸರು ಬರುತ್ತದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಹೆಸರಿನಲ್ಲಿ ಕೋಣೆಯ ನಂಬರು ಸೇರಿಸಲು ಮರೆತಿದ್ದ. ದೂರು ನಿಂತಿತು. ದೊಡ್ಡಮೇಡಂ, “ಹೀಗಿರಬೇಕು ನೋಡಿ ಕೆಲಸ,” ಅಂದರು.

ಅದಾದ ನಾಲ್ಕನೆಯ ದಿನ ಭೂಗೋಳದ ಟೀಚರ್ ಬಂದರು. ಇಪ್ಪತ್ತೆಂಟು ವರ್ಷ ಪಾಠ ಹೇಳಿದ ಗಂಟಲು. ಮನೆಯಲ್ಲಿ ತಾಯಿ ಒಬ್ಬರೇ; ಎಂಬತ್ತರ ಮೇಲಾಗಿದೆ, ಕಣ್ಣು ಪೂರ್ತಿ ಹೋಗಿದೆ. “ನಮ್ಮಮ್ಮ ನನ್ನ ಗುರುತು ಹಿಡಿಯೋದೇ ಮಾತಿನಿಂದ. ಅದಕ್ಕೇ ಇಷ್ಟೆಲ್ಲಾ,” ಎಂದು ಟೀಚರ್ ನರ್ಸಿಗೆ ಹೇಳಿ ಒಳಗೆ ಹೋದರು. ಗಂಟಲು ನೋಯುತ್ತಿದ್ದರೂ ನಡುನಡುವೆ ಬಿಸಿನೀರು ಕುಡಿದು ಮುನ್ನೂರನ್ನೂ ಮುಗಿಸಿದರು. ಅದೇ ದಿನ ಎರಡನೆಯ ಕೋಣೆಯಲ್ಲಿ ಬಸ್ ಕಂಡಕ್ಟರ್ ಹೆಂಗಸೊಬ್ಬಳು ಓದಿದಳು. ಮೂರು ದಿನದ ಮೇಲೆ ಆಕೆ ಆಪರೇಷನ್ ಟೇಬಲ್ಲಿನ ಮೇಲೇ ತೀರಿಕೊಂಡಳು. ಆಕೆಗಾಗಿ ಯಂತ್ರ ಮಾಡಲಿಲ್ಲ. ಆಕೆಯ ಫೈಲುಗಳನ್ನು ಯಾರೂ ಹುಡುಕಲಿಲ್ಲ.

ಟೀಚರ್ ಬದುಕಿದರು. ಆರು ವಾರದ ಮೇಲೆ, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಯಂತ್ರ ತೆಗೆದುಕೊಳ್ಳಲು ಬಂದರು. ಟೈಪ್ ಮಾಡಿ ಗುಂಡಿ ಒತ್ತಿದರು. ‘ನಮಸ್ಕಾರ, ಎಲ್ಲರಿಗೂ ಉಪಕಾರವಾಯಿತು’ ಎಂದಿತು ಯಂತ್ರ. ತುಸು ಮೂಗಿನಿಂದ ಬರುವ, ದಪ್ಪ, ಅವಸರದ ಧ್ವನಿ. ಟೀಚರ್ ಯಂತ್ರವನ್ನು ದಿಟ್ಟಿಸಿದರು. ಚೀಲದಿಂದ ಪುಟ್ಟ ಸ್ಲೇಟು ತೆಗೆದು ಬರೆದರು: ‘ಇದು ನಾನಲ್ಲ.’

ದೊಡ್ಡಮೇಡಂ ನಗುತ್ತಲೇ ಅಂದರು: “ಎಲ್ಲರೂ ಇದೇ ಹೇಳ್ತಾರೆ, ಟೀಚರ್. ನಮ್ಮ ಧ್ವನಿ ನಮಗೆ ತಲೆಯ ಮೂಳೆ ಮೂಲಕ ಕೇಳಿಸುತ್ತೆ. ಹೊರಗಿನವರಿಗೆ ಕೇಳೋದು ಹೀಗೇ. ಒಂದು ವಾರ ಬಳಸಿ, ಒಗ್ಗುತ್ತೆ.”

ಪಾಠ ಹೇಳಿದವರಿಗೆ ವಿವರಣೆ ಸರಿ ಅನ್ನಿಸಿರಬೇಕು. ಹೊರಟುಹೋದರು.

ವಾರ ಕಳೆಯುವ ಮೊದಲೇ ತಾಯಿಯ ಕೈ ಹಿಡಿದುಕೊಂಡು ಮತ್ತೆ ಬಂದರು. ಮುದುಕಿಯನ್ನು ಕುರ್ಚಿಯ ಮೇಲೆ ಕೂರಿಸಿ, ಎಲ್ಲರ ಎದುರಿಗೇ ಗುಂಡಿ ಒತ್ತಿದರು. ‘ಅಮ್ಮ, ನಾನೇ’ ಎಂದಿತು ಯಂತ್ರ.

ಮುದುಕಿ ಕುರ್ಚಿಯಲ್ಲೇ ಹಿಂದಕ್ಕೆ ಸರಿದರು. “ಇವಳು ಮತ್ತೆ ಬಂದ್ಲು. ಡಾಕ್ಟ್ರೇ, ನನ್ನ ಮಗಳನ್ನ ಏನು ಮಾಡಿದ್ರಿ?”

“ನಿಮ್ಮ ಮಗಳೇ ಅಜ್ಜಿ, ಪಕ್ಕದಲ್ಲೇ ಇದ್ದಾರೆ. ಕೈ ಮುಟ್ಟಿ ನೋಡಿ,” ಅಂದರು ದೊಡ್ಡಮೇಡಂ.

ಮುದುಕಿ ಮಗಳ ಕೈಯನ್ನು ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಸವರಿದರು. ಮತ್ತೊಮ್ಮೆ ಸವರಿದರು. ಆಮೇಲೆ ಬೆಂಕಿ ತಗುಲಿದಂತೆ ಬಿಟ್ಟುಬಿಟ್ಟರು.

“ಕೈ ಅವಳದೇ. ಒಳಗಿರೋದು ಬೇರೆ ಯಾರೋ.”

ಟೀಚರ್ ಬಾಯಿ ತೆರೆದರು. ಕುತ್ತಿಗೆಯ ತೂತಿನಿಂದ ಗಾಳಿ ಹೊರಟಿತು, ಅಷ್ಟೇ. ದೊಡ್ಡಮೇಡಂ ಅವರನ್ನು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ, “ವಯಸ್ಸಾಯ್ತಲ್ಲ, ತಲೆ ಮಂಕಾಗಿದೆ. ನರರೋಗದವರಿಗೆ ಒಮ್ಮೆ ತೋರಿಸಿ,” ಎಂದು ಚೀಟಿ ಬರೆದುಕೊಟ್ಟರು.

ಗಾಜಿನ ಬಾಗಿಲ ಆಚೆಯಿಂದ ಫೈಲಯ್ಯ ಇದನ್ನೆಲ್ಲ ನೋಡಿದ. ಮಧ್ಯಾಹ್ನದ ಊಟ ಬಿಟ್ಟು ಡಿಸ್ಕ್ ತೆರೆದ. ಆ ತಾರೀಕಿನಂದು ಓದಿದವರು ಇಬ್ಬರು; ನರ್ಸುಗಳು ಸಾಲದೆ, ಎರಡೂ ಕೋಣೆಗಳು ಒಂದೇ ದಿನ ನಡೆದದ್ದು ಅದೊಂದೇ ಸಲ. ಇರಬೇಕಾದ ಫೈಲು ಆರುನೂರು. ಇದ್ದದ್ದು ಮುನ್ನೂರು. ಬ್ಯಾಕಪ್ಪಿನಲ್ಲೂ ಮುನ್ನೂರೇ. ಕಾರ್ಡುಗಳು ಅಂದೇ ಸಂಜೆ ಖಾಲಿಯಾಗಿದ್ದವು. ತಾನು ಬದಲಿಸಿದ ಸಾಲನ್ನು ಮತ್ತೆ ಓದಿದ.

ಒಂದೊಂದಾಗಿ ಕೇಳುತ್ತ ಹೋದ. ಎಲ್ಲವೂ ಸತ್ತ ಹೆಂಗಸಿನ ಧ್ವನಿ. ಇನ್ನೂರ ಹದಿನಾಲ್ಕಕ್ಕೆ ಬಂದಾಗ ಧ್ವನಿ ಬದಲಾಯಿತು. ತೆಳ್ಳಗೆ, ನಿಧಾನವಾಗಿ, ಪ್ರತಿ ಅಕ್ಷರಕ್ಕೂ ಜಾಗ ಕೊಟ್ಟು ಓದುವ ಧ್ವನಿ: “ಮುಂದಿನ ನಿಲ್ದಾಣದಲ್ಲಿ ಇಳಿಯುವವರು ಬಾಗಿಲ ಬಳಿ ಬನ್ನಿ.” ಆಮೇಲೆ ಒಂದು ಸಣ್ಣ ಕೆಮ್ಮು. “ಸರಿಯಾಯ್ತಾ? ಇನ್ನೊಂದು ಸಲ ಓದ್ಲಾ?”

ನರ್ಸಿನ ಪುಸ್ತಕ ತೆಗೆದು ನೋಡಿದ. ಎರಡನೆಯ ಕೋಣೆಯ ಪುಟದಲ್ಲಿ ಬರೆದಿತ್ತು: ‘214 ಓದಲಿಲ್ಲ. ಇಪ್ಪತ್ತು ವರ್ಷ ಕೂಗಿದ್ದೇ ಸಾಕು ಎಂದು ನಕ್ಕರು.’ ಹಾಗಾಗಿ ಅದೊಂದೇ ಫೈಲಿನ ಮೇಲೆ ಇನ್ನೊಂದು ಬಂದು ಕೂತಿರಲಿಲ್ಲ.

ಅವನು ದೊಡ್ಡಮೇಡಂ ಕೋಣೆಗೆ ಹೋಗಿ, ಬದಲಿಸಿದ ಸಾಲಿನ ವಿಷಯವನ್ನೆಲ್ಲ ಹೇಳಿ, ಅವರ ಕಂಪ್ಯೂಟರಿನಲ್ಲೇ ಡಿಸ್ಕ್ ತೆರೆದು ಅದನ್ನು ಕೇಳಿಸಿದ. “ಇದರಿಂದ ಯಂತ್ರ ಮಾಡೋಕಾಗಲ್ಲ ಮೇಡಂ. ಆದ್ರೆ ಅವರಮ್ಮನಿಗೆ ಕೇಳಿಸಬಹುದು. ಮಗಳು ಇವಳೇ ಅಂತ ಗೊತ್ತಾಗುತ್ತೆ.”

ಆಕೆ ಬಾಗಿಲು ಹಾಕಿಸಿದರು. “ಮಗಳು ಇವಳೇ ಅಂತ ಗೊತ್ತಾದ ಕೂಡಲೇ, ಹಾಗಾದ್ರೆ ಯಂತ್ರದಲ್ಲಿರೋಳು ಯಾರು ಅಂತ ಕೇಳ್ತಾರೆ. ಸತ್ತವಳು ಅಂತ ಹೇಳ್ತೀರಾ? ಆ ಸಾಲು ಬದಲಾಯಿಸಿದ್ದು ಯಾರು ಅಂತ ಕೇಳ್ತಾರೆ. ನಾನೇ ಅಂತ ಒಪ್ಕೊಳ್ತೀರಾ?”

“ನೀವು ನಿಲ್ಲಬಾರದು ಅಂದ್ರಿ...”

“ನಿಲ್ಲಬಾರದು ಅಂದೆ. ಅಳಿಸು ಅಂದ್ನಾ? ಈಗ ಅಂತೀನಿ. ಅಳಿಸಿ. ನನ್ನೆದುರಿಗೇ.”

ಫೈಲಯ್ಯನಿಗೆ ಮನೆ ನೆನಪಾಯಿತು, ಶಾಲೆಗೆ ಹೋಗುವ ಇಬ್ಬರು ಮಕ್ಕಳು ನೆನಪಾದರು. ಇದೆಲ್ಲ ನೆಪ ಎಂಬುದೂ ಗೊತ್ತಿತ್ತು. ಒಂದು ಕಾಪಿ ಜೇಬಿಗೆ ಹಾಕಿಕೊಂಡು ಬರಬಹುದಿತ್ತು, ಹಾಕಿಕೊಂಡಿರಲಿಲ್ಲ. ಡಿಸ್ಕಿನಲ್ಲಿದ್ದದ್ದನ್ನು ಅಳಿಸಿದ, ಬ್ಯಾಕಪ್ಪಿನಲ್ಲಿದ್ದದ್ದನ್ನೂ ಅಳಿಸಿದ. ಎರಡಕ್ಕೂ ಸೇರಿ ಅರ್ಧ ನಿಮಿಷ ಹಿಡಿಯಿತು. ಮರುದಿನ ಪ್ರೋಗ್ರಾಮಿನಲ್ಲಿ ಕೋಣೆಯ ನಂಬರು ಸೇರಿಸಿ, ಹಳೆಯ ಪದವನ್ನು ವಾಪಸ್ ಹಾಕಿದ. ವರ್ಷದ ಸಭೆಯಲ್ಲಿ ದೊಡ್ಡಮೇಡಂ ಅವನ ಕೆಲಸವನ್ನು ಹೊಗಳಿ ಚಪ್ಪಾಳೆ ತಟ್ಟಿಸಿದರು.

ನಾಲ್ಕು ತಿಂಗಳ ಮೇಲೆ ಟೀಚರ್ ಅವರ ಯಂತ್ರ ಚಾರ್ಜ್ ಆಗುತ್ತಿಲ್ಲವೆಂದು ಚೀಟಿ ಬಂತು. ಅವನನ್ನೇ ಕಳಿಸಿದರು. ಎರಡನೆಯ ಮಹಡಿಯ ಸಣ್ಣ ಮನೆ. ಮೂಲೆಯಲ್ಲಿ ಸುರುಳಿ ಸುತ್ತಿದ ನಕ್ಷೆಗಳು ನಿಂತಿದ್ದವು. ಕಿಟಕಿಯ ಹತ್ತಿರ ಮುದುಕಿ ತಡವರಿಸುತ್ತ ಬಟಾಣಿ ಸುಲಿಯುತ್ತಿದ್ದರು. ಟೀಚರ್ ಕೈಗೆ ಬಟ್ಟೆಯ ಗ್ಲೌಸ್ ಹಾಕಿದ್ದರು, ಸೆಖೆಯಲ್ಲೂ.

“ಯಾರಮ್ಮ ಬಂದಿದ್ದು?” ಎಂದು ಮುದುಕಿ ಕೇಳಿದರು.

ವೈರು ಚುಚ್ಚಿಯೇ ಇದ್ದ ಯಂತ್ರ ಹೇಳಿತು: ‘ಮಿಷನ್ ರಿಪೇರಿಯವರು, ಅಮ್ಮಾವ್ರೇ.’

ಮುದುಕಿ ಫೈಲಯ್ಯನ ಕಡೆ ಮುಖ ತಿರುಗಿಸಿದರು. “ಈ ಹೆಂಗಸನ್ನ ಆಸ್ಪತ್ರೆಯವರೇ ಕೊಟ್ಟಿದ್ದಂತೆ. ಒಳ್ಳೇವಳು. ಮೊದಮೊದಲು ನಾನೇ ಮಗಳು ಅಂತ ಹಟ ಮಾಡ್ತಿದ್ಲು, ಬೈದು ಬಿಡಿಸ್ದೆ. ಚೆನ್ನಾಗಿ ನೋಡ್ಕೊಳ್ತಾಳೆ. ಹೆತ್ತ ಮಗಳು ನೋಡಿ, ಒಂದು ಮಾತೂ ಹೇಳ್ದೆ ಹೊರಟೋದ್ಲು. ಅಂಥೋಳು ಇದ್ರೆಷ್ಟು, ಸತ್ರೆಷ್ಟು.”

ಟೀಚರ್ ತಲೆ ತಗ್ಗಿಸಿ, ತಾಯಿಯ ಬೆರಳು ತಗುಲದಂತೆ ಗ್ಲೌಸಿನ ಕೈಯಿಂದ ಬಟಾಣಿಯ ಸಿಪ್ಪೆಗಳನ್ನು ಬಳಿದುಕೊಂಡರು.

ಅವನು ಸಡಿಲವಾಗಿದ್ದ ತಂತಿಯನ್ನು ಬೆಸೆದ. ಹತ್ತು ನಿಮಿಷದ ಕೆಲಸ. ಎದ್ದಾಗ ಟೀಚರ್ ಬಾಗಿಲವರೆಗೆ ಬಂದು ಸ್ಲೇಟು ಹಿಡಿದರು: ‘ನನ್ನದು ಎಲ್ಲಾದರೂ ಒಂದು ಮಾತು ಉಳಿದಿದೆಯೇ? ಒಂದೇ ಆದರೂ ಸಾಕು.’

ಅವರಿಗೆ ಎಲ್ಲ ಗೊತ್ತಿತ್ತೋ, ಬರೀ ಅನುಮಾನವೋ, ಅವನಿಗೆ ತಿಳಿಯಲಿಲ್ಲ.

“ಇಲ್ಲ ಟೀಚರ್,” ಅಂದ. “ಎಲ್ಲ ಹುಡುಕಿ ನೋಡಿದೀನಿ. ಒಂದೂ ಇಲ್ಲ.”

ಅದು ನಿಜವೇ ಆಗಿತ್ತು. ಟೀಚರ್ ಸ್ಲೇಟು ಒರೆಸಿ, ಸುಂದರವಾದ ದುಂಡು ಅಕ್ಷರದಲ್ಲಿ ಬರೆದರು: ‘ಹುಡುಕಿದ್ದಕ್ಕೆ ಉಪಕಾರವಾಯಿತು.’

“ಬಾಗಿಲು ಹಾಕ್ಕೋಮ್ಮ,” ಒಳಗಿನಿಂದ ಮುದುಕಿ ಕೂಗಿದರು. “ಧೂಳು ಬರ್ತಿದೆ.”

ಟೀಚರ್ ಬಾಗಿಲು ಹಾಕಿಕೊಂಡರು.