ಬಾಗಿಲ ಪಕ್ಕದ ಕಲ್ಲು

ಆ ಕರಿಯ ಬಂಡೆಯ ಮೇಲೆ ಹಿಮ ನಿಲ್ಲುತ್ತಿರಲಿಲ್ಲ. ಧ್ರುವದ ಸಮೀಪದ ಆ ದ್ವೀಪವೆಲ್ಲ ಬೆಳ್ಳಗಿದ್ದಾಗಲೂ ಕಡಲಿಗೆ ಚಾಚಿಕೊಂಡ ಅದೊಂದೇ ಕರ್ರಗೆ ಕಾಣುತ್ತಿತ್ತು. ಹವಾಮಾನ ಅಳೆಯಲು ಹೋಗಿದ್ದ ನಾವು ಕೆಲವೇ ಜನ ಅದರ ಹಿಂದಿನ ಮರದ ಮನೆಯಲ್ಲಿದ್ದೆವು.

ಬಾಗಿಲ ಪಕ್ಕದ ಹಲಗೆಯ ಮೇಲೆ ಒಬ್ಬೊಬ್ಬರ ಹೆಸರಿನದೂ ಒಂದೊಂದು ಕಲ್ಲು. ಹೊರಗೆ ಹೋಗುವವನು ತನ್ನದನ್ನು ಜೇಬಿಗೆ ಹಾಕಿಕೊಳ್ಳಬೇಕು, ಬಂದಮೇಲೆ ಅಲ್ಲೇ ಇಡಬೇಕು. ಒಂದು ಕಲ್ಲು ಇಲ್ಲದಿದ್ದರೂ ಬಾಗಿಲಿಗೆ ಚಿಲಕ ಹಾಕುವಂತಿಲ್ಲ. ಈ ಕಟ್ಟಳೆ ಅಡುಗೆಯ ದುಗ್ಗಣ್ಣನದು. ಅವನು ಮೀನುಗಾರರ ಮನೆಯವನು.

"ದೋಣಿ ಕಡಲಲ್ಲಿ ಇರೂವರೆಗೆ ನಮ್ಮ ಅಬ್ಬೆ ಚಿಲ್ಕ ಹಾಕ್ತಿರ್ಲಿಲ್ಲ. ಹಾಕಿದ್ರೆ, ಹೋದೋರಿಗೆ ಬರ್ಬೇಡಿ ಅಂದಂಗೆ."

"ಈ ಚಳಿಗೆ ನಾವು ಸೆಟೆದುಕೊಂಡರೆ ನಿಮ್ಮ ಅಬ್ಬೆ ಬಂದು ಕಂಬಳಿ ಹೊದಿಸ್ತಾರೇನು, ದುಗ್ಗಣ್ಣ?" ಡಾಕ್ಟರ್ ಶೇಷಗಿರಿ ರೇಗಿಸುತ್ತಿದ್ದರು.

"ಚಿಲ್ಕ ಬೇಕಾದ್ದು ಬಾಗ್ಲಿಗಲ್ಲ ಡಾಕ್ಟ್ರೆ, ನಿಮ್ಮ ಬಾಯಿಗೆ."

ನಮ್ಮನ್ನು ಕರೆದೊಯ್ಯುವ ಹಡಗು ಬರುವ ಹಿಂದಿನ ದಿನ ಹಿಮಗಾಳಿ ಎದ್ದಿತು. ಸೂರ್ಯ ಮುಳುಗದ ಕಾಲ. ಆದರೂ ಕಿಟಕಿಯಾಚೆ ಏನೂ ಕಾಣದು. ದುಗ್ಗಣ್ಣ ಹಲಗೆ ನೋಡಿದ. ಡಾಕ್ಟರ ಕಲ್ಲು ಇರಲಿಲ್ಲ.

"ಬಂಡೆಗೇ ಹೋಗಿರ್ಬೇಕು. ಕಡೇ ಸಲ ನೋಡ್ಬೇಕು ಅಂತಿದ್ರು."

ನಾವು ತಡೆಯುವ ಮೊದಲೇ ತನ್ನ ಕಲ್ಲನ್ನು ಜೇಬಿಗಿಳಿಸಿ ಹೊರಟುಬಿಟ್ಟ.

ತುಸು ಹೊತ್ತಿಗೆ ಡಾಕ್ಟರು ಉಗ್ರಾಣದಿಂದ ಕಣ್ಣುಜ್ಜುತ್ತ ಬಂದರು. ಸಾಮಾನು ಕಟ್ಟುತ್ತ ಅಲ್ಲೇ ನಿದ್ದೆಹೋಗಿದ್ದರಂತೆ.

"ನಿಮ್ಮ ಕಲ್ಲೆಲ್ಲಿ?" ಎಂದೆ.

"ಮಗಳಿಗೆ ತೋರಿಸೋಣ ಅಂತ ಪೆಟ್ಟಿಗೆಗೆ ಹಾಕಿಕೊಂಡೆ. ಯಾಕೆ?"

ದುಗ್ಗಣ್ಣನ ಕಲ್ಲಿದ್ದ ಜಾಗವನ್ನು ತೋರಿಸಿದೆ. ಅವರು ನಿಧಾನವಾಗಿ ಹಲಗೆಯತ್ತ ತಿರುಗಿದರು.

ಬಾಗಿಲಲ್ಲಿ ನಿಂತು ದುಗ್ಗಣ್ಣನದೇ ಬಾಣಲೆಯನ್ನು ಬಡಿದೆವು. ಡಾಕ್ಟರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಹೊರಗಿಳಿದರು. ಅವರನ್ನು ಮತ್ತೆ ಮತ್ತೆ ಒಳಗೆಳೆದುಕೊಂಡೆವು. ಗಾಳಿ ನಿಂತ ಮೇಲೆ ಬಂಡೆಯ ತುದಿಯಲ್ಲಿ ಅವನದೊಂದು ಕೈಗವಸು ಸಿಕ್ಕಿತು. ಕೆಳಗೆ ಕಡಲು.

ಹಡಗು ಬಂತು. ಆ ಮನೆಗೆ ಇನ್ನು ಯಾರೂ ಬರುವವರಿರಲಿಲ್ಲ. ಡಾಕ್ಟರು ತಮ್ಮ ಕಲ್ಲನ್ನು ಪೆಟ್ಟಿಗೆಯಿಂದ ತೆಗೆದು ಹಲಗೆಯ ಮೇಲಿಟ್ಟರು. ಕೊನೆಗೆ ಹೊರಬಂದ ನಾನು ಬಾಗಿಲೆಳೆದು ಚಿಲಕಕ್ಕೆ ಕೈಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದರು.

"ಬೇಡ," ಎಂದರು. "ಇನ್ನೂ ಒಂದು ಕಲ್ಲು ಬರಬೇಕು."

ಹಡಗು ತಿರುಗಿದಾಗ ಹಿಂದೆ ನೋಡಿದೆ. ಬೆಳ್ಳನೆಯ ದ್ವೀಪ, ಹಿಮ ನಿಲ್ಲದ ಆ ಕರಿಯ ಬಂಡೆ. ಅದರ ಹಿಂದೆ, ಗಾಳಿಗೆ ಮುಚ್ಚಿಕೊಳ್ಳುತ್ತ ತೆರೆದುಕೊಳ್ಳುತ್ತ, ಒಂದು ಬಾಗಿಲು.