ಕಣದ ಕೆಲಸ

"ಲೇ ಯಲ್ಲಿ, ಮುಂಡೆ! ಹಣ್ಣು ಕುಯ್ಯಕ್ ಬಂದೀಯೋ, ಗಿಡ ತಬ್ಕಂಡು ನಿದ್ದೆ ಹೊಡಿಯಕ್ ಬಂದೀಯೋ?"

ಮೇಸ್ತ್ರಿ ಭೂತಯ್ಯನ ಕೋಲು ಯಲ್ಲಮ್ಮನ ಮೊಣಕಾಲಿನ ಹಿಂದೆ ಬಿತ್ತು. ಅವಳು ಅಲ್ಲೇ ಕುಸಿದಳು. ಬುಟ್ಟಿಯ ಕಾಫಿ ಹಣ್ಣು ಇಳಿಜಾರಿನಲ್ಲಿ ಉರುಳಿತು. ಹೆಕ್ಕುವಾಗ ಗಿಡದ ಕೆಂಪಿರುವೆಗಳು ಕುತ್ತಿಗೆಗೆ ಇಳಿದವು. ಅವಳ ಕಣ್ಣು ಇರುವೆಯ ಮೇಲಿರಲಿಲ್ಲ, ಮೇಸ್ತ್ರಿಯ ಮೇಲೂ ಇರಲಿಲ್ಲ. ಕೆಳಗೆ ಕಣದಲ್ಲಿ ಮುತ್ತಮ್ಮ ಹಣ್ಣು ಹರಡಿ ಒಣಗಿಸುತ್ತಿದ್ದಳು. ಎಳೆ ಬಿಸಿಲು, ಸಮತಟ್ಟು ನೆಲ, ಗೀರು ಬೀಳದ ಕೈ.

ಇಬ್ಬರೂ ಒಂದೇ ವರ್ಷ, ಗೋಣಿಬೀಡಿನ ಆಚೆಯ ಒಂದೇ ಕೇರಿಯಿಂದ ಈ ಬಿಳಿ ದೊರೆಯ ಎಸ್ಟೇಟಿಗೆ ಬಂದವರು. ಕೂಲಿ ಲೈನಿನಲ್ಲಿ ಇಬ್ಬರ ಕೋಣೆಗೂ ನಡುವೆ ಒಂದೇ ತಟ್ಟಿ. ಆ ಕಡೆ ಒಣಮೀನು ಸುಟ್ಟ ವಾಸನೆ ಬಂದರೆ ಈ ಕಡೆ ಯಲ್ಲಮ್ಮನ ಗಂಜಿ ಗಂಟಲಿಗೆ ಇಳಿಯುತ್ತಿರಲಿಲ್ಲ. "ಮುತ್ತಿ ಅಂಗೈ ನೋಡೇ, ದೊರೆಸಾನಿ ಅಂಗೈ ಇದ್ದಂಗೈತೆ" ಎಂದು ಗಂಡ ಲಕ್ಕಯ್ಯ ಒಮ್ಮೆ ಬಾಯಿ ತಪ್ಪಿ ಅಂದಿದ್ದ. ಅಂದಿನಿಂದ ಯಲ್ಲಮ್ಮ ಅವನಿಗೆ ಬಡಿಸುವಾಗ ಕೈಗೆ ಸೆರಗು ಸುತ್ತಿಕೊಳ್ಳುತ್ತಿದ್ದಳು.

ಭಾನುವಾರ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಓಂಕಾರಪ್ಪ ಮೂಗಿಗೆ ವಸ್ತ್ರ ಹಿಡಿದು ಲೈನಿನ ಮುಂದೆ ನಿಂತ.

"ಕೇಳ್ರೋ. ದೊರೆಗಳ ಹುಕುಂ ಆಗಿದೆ. ಲೈನಲ್ಲಿ ಕುಡಿದು ಗಲಾಟೆ ಮಾಡೋರು, ಕದಿಯೋರು, ನಡತೆಗೆಟ್ಟೋರು ಯಾರ್ಯಾರು ಅಂತ ಆಫೀಸಿಗೆ ಬಂದು ಹೇಳ್ಬೇಕು. ಹೇಳ್ದೋರ ಹೆಸ್ರು ಹೊರಗೆ ಬರಲ್ಲ."

ಸೋಮವಾರ ಯಲ್ಲಮ್ಮ ಆಫೀಸಿನ ಜಗಲಿಯಿಂದ ಹತ್ತು ಮಾರು ದೂರ, ಅವಳ ಜಾತಿಯವರು ನಿಲ್ಲಬೇಕಾದ ಕಡೆ ನಿಂತಳು.

"ಮುತ್ತಮ್ಮನ ನಡತೆ ಸರಿ ಇಲ್ಲ ಸೋಮಿ. ಮೇಸ್ತ್ರಿ ಜೊತೆ ಗೋಡೌನ್ ಒಳಿಕ್ ಹೋಗ್ತಾಳೆ. ಕಣ್ಣಾರೆ ಕಂಡೀನಿ."

"ಮುತ್ತಿ, ನಡತೆಗೆಟ್ಟವಳು" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತ ಓಂಕಾರಪ್ಪ ಬರೆದುಕೊಂಡ.

"ಮೇಸ್ತ್ರೀದು ಬರಿಯಲ್ವ ಸೋಮಿ?"

"ಗಂಡಸ್ರ ವಿಚಾರ ನಿಂಗ್ಯಾಕೆ? ನಡಿ."

ಮರುದಿನ ಮುತ್ತಮ್ಮನ ಚಾಪೆ, ಮಡಕೆ ರಸ್ತೆಗೆ ಬಿದ್ದವು. ಗಂಡ ಸತ್ತವಳು, ಯಾಕೆಂದು ಕೇಳುವವರಿರಲಿಲ್ಲ. ಒಡೆಯದೆ ಉಳಿದ ಒಂದು ಕುಡಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಅವಳು ಯಲ್ಲಮ್ಮನ ಬಾಗಿಲಿಗೆ ಬಂದಳು.

"ಕಣದ ಕೆಲ್ಸ ಇನ್ ನಿಂಗಂತೆ ಕಣೆ. ಗೋಡೌನಿಗೆ ಕರದ್ರೆ ಒಬ್ಬಳೇ ಹೋಗ್ಬ್ಯಾಡ."

"ನಂಗೆ ಸಿಕ್ತು ಅಂತ ಹೊಟ್ಟೆ ಉರೀತೈತಾ?" ಎಂದಳು ಯಲ್ಲಮ್ಮ.

ಮುತ್ತಮ್ಮ ಕುಡಿಕೆಯನ್ನು ಕಂಕುಳಿಗೆ ಒತ್ತಿಕೊಂಡಳು. ರಸ್ತೆ ಹಿಡಿದು ಇಳಿದು ಹೋದಳು.

ಮೂರು ದಿನ ಯಲ್ಲಮ್ಮ, ಗುಡ್ಡದ ಮೇಲಿನವರಿಗೆ ಕೇಳಲಿ ಎಂದೇ ಗಟ್ಟಿಯಾಗಿ ನಗುತ್ತ ಹಣ್ಣು ಹರಡಿದಳು. ನಾಲ್ಕನೆಯ ಮಧ್ಯಾಹ್ನ ಭೂತಯ್ಯ, "ಮೂಟೆ ಸರಿಸ್ಬೇಕು, ಬಾ" ಎಂದ. ಅವಳು ಒಳಗೆ ಹೋದ ಮೇಲೆ ಬಾಗಿಲು ಹಾಕಿದ. ಕೂಗಿದಳು, ಸೂರಿನವರೆಗೆ ಒಟ್ಟಿದ್ದ ಕಾಫಿ ಮೂಟೆಗಳ ನಡುವೆ ಕೂಗು ಹೊರಗೆ ಹೋಗಲಿಲ್ಲ. ಪರಚಿದಳು, ಅವನು ಹೆಗಲು ಕಚ್ಚಿ ಹಿಡಿದ.

ಹೊರಗೆ ಬಂದಾಗ ಬಿಸಿಲು ಹಾಗೇ ಇತ್ತು. ಹಣ್ಣು ಕುಯ್ಯುವ ಹೆಂಗಸರು ಗುಡ್ಡದ ಮೇಲೆ ಕೈ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಅವಳ ಕೈ, ಅವಳು ನಿಂತ ಸಮತಟ್ಟು ನೆಲ, ಗೋಡೌನಿನ ಬಾಗಿಲು, ಎಲ್ಲವನ್ನೂ ನೋಡುತ್ತಿದ್ದರು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಹಾಜರಿ ಕೂಗುವಲ್ಲಿಗೆ ದೊರೆ ಕುದುರೆಯ ಮೇಲೆ ಬಂದಿದ್ದ. ಯಲ್ಲಮ್ಮ ಸಾಲು ಬಿಟ್ಟು ಮುಂದೆ ಹೋದಳು.

"ಮೇಸ್ತ್ರಿ ನನ್ನ ಗೋಡೌನಲ್ಲಿ ಕೂಡಾಕಿ ಕೆಡಿಸ್ದ ಸೋಮಿ. ಮುತ್ತಮ್ಮಂಗೂ ಹಿಂಗೇ ಮಾಡವ್ನೆ."

ಕನ್ನಡ ಬಾರದ ದೊರೆ ಓಂಕಾರಪ್ಪನ ಕಡೆ ತಿರುಗಿದ. ಓಂಕಾರಪ್ಪ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅದರಲ್ಲಿ 'ರೈಸ್' ಎಂಬ ಒಂದು ಮಾತು ಯಲ್ಲಮ್ಮನಿಗೆ ತಿಳಿಯಿತು. ವಾರವಾರವೂ ಅಕ್ಕಿ ಅಳೆಯುವಾಗ ಕಿವಿಗೆ ಬಿದ್ದ ಮಾತು. ದೊರೆ ನಕ್ಕು ತಲೆಯಾಡಿಸಿದ.

"ಅಕ್ಕಿ ಜಾಸ್ತಿ ಕೊಡಿಸ್ತಾರಂತೆ. ಹೋಗು."

"ಅಕ್ಕಿ ಕೇಳಿದ್ನೇನೋ ನಾನು, ಹಲ್ಕಟ್ ನನ್ಮಗ್ನೆ!"

ಅವಳು ಹೆಗಲಿನ ಸೆರಗು ಕಿತ್ತೆಳೆದು ಕಪ್ಪುಗಟ್ಟಿದ ಹಲ್ಲಿನ ಗುರುತನ್ನು ದೊರೆಯ ಮುಖಕ್ಕೆ ಹಿಡಿದಳು. ದೊರೆ ಮುಖ ತಿರುಗಿಸಿ ಲಗಾಮು ಎಳೆದ. ಸಾಲಿನಲ್ಲಿದ್ದ ಲಕ್ಕಯ್ಯ ತಲೆ ಎತ್ತಲಿಲ್ಲ. ಯಲ್ಲಮ್ಮ ಹೆಂಗಸರ ಕಡೆ ತಿರುಗಿದಳು.

"ಮುತ್ತಿ ಮೇಲೆ ಚಾಡಿ ಹೇಳ್ದೋಳು ನಾನೇ ಕಣ್ರೇ. ಹೊಟ್ಟೆಕಿಚ್ಚಿಗೆ ಹೇಳ್ದೆ. ನೀವೂ ಆ ಕಣ ನೋಡಿ ಉರ್ಕಬ್ಯಾಡ್ರಿ. ನಾಳೆ ನಿಮ್ಮಲ್ಲೇ ಒಬ್ಬಳ್ನ ಕರೀತಾನೆ."

ಭೂತಯ್ಯನ ಕೋಲು ಅವಳ ಬೆನ್ನಿಗೆ ಬಿತ್ತು. ಅವಳು ಬಿದ್ದಳು. ಅವನು ಸಾಲು ಕೆಲಸಕ್ಕೆ ಹೊರಡಲೆಂದು ಸೀಟಿ ಊದಿದ.

ಸಾಲಿನ ಮೊದಲಲ್ಲಿದ್ದ ಮುದುಕಿ ರಾಮಮ್ಮ ಯಲ್ಲಮ್ಮನ ಬಳಿ ಬಂದು, "ಥೂ, ಪಾಪಿ" ಎಂದು ಮಣ್ಣಿಗೆ ಉಗಿದಳು. ಆಮೇಲೆ ಬುಟ್ಟಿ ಬೋರಲು ಹಾಕಿ ಅವಳ ಪಕ್ಕದಲ್ಲೇ ಕೂತಳು. ಸಾಲಿನಲ್ಲಿ ರಾಮಮ್ಮನ ಹಿಂದಿದ್ದವಳೂ ಕೂತಳು.

ಭೂತಯ್ಯ ಮತ್ತೆ ಸೀಟಿ ಊದಿದ.