ಪಂಪಮ್ಮನ ಕಾಲು

ಒಂದಾನೊಂದು ಕಾಲದಲ್ಲಿ ಒಬ್ಬ ಕುಡುಕನಿದ್ದ. ಒಂದು ಮುಂಜಾನೆ ದೇವರು ಅವನ ಹೆಸರು ಹಿಡಿದು ಕೂಗಿದ, ಅವನು ಒಳ್ಳೆಯವನಾದ. ಅಜ್ಜಿಯರ ಕತೆ ಇಲ್ಲಿಗೆ ಮುಗಿಯುತ್ತದೆ, ಮಕ್ಕಳು ನಿದ್ದೆಹೋಗುತ್ತಾರೆ. ಹೊಸಹಳ್ಳಿಯವರು ಮಾತ್ರ ಎಚ್ಚರವಾಗಿದ್ದರು. ಕನಕರಾಜನ ಶವಪೆಟ್ಟಿಗೆಯನ್ನು ಕುಣಿಗೆ ಇಳಿಸುವಾಗಲೂ ಅವರ ಬಾಯಿ ನಿಲ್ಲಲಿಲ್ಲ.

"ಸೆರೆ ಕುಡಿಯೋದು ಬಿಟ್ಟ ಮ್ಯಾಲ ಹಗುರಾಗ್ಯಾನ ನೋಡ್ರಿ," ಎಂದ ಹಗ್ಗ ಹಿಡಿದಿದ್ದ ಪಕ್ಕದ ಮನೆಯ ಮೈಲಾರೇಶ್. "ಮೊದ್ಲು ನಾಕು ಮಂದಿ ಹೊತ್ರೂ ಏಳ್ತಿದ್ದಿಲ್ಲ. ಅದೂ ಜೀವಂತ ಇದ್ದಾಗ."

"ಸುಮ್ನಿರಲೇ, ಪಾಸ್ಟರು ಪ್ರಾರ್ಥನಿ ಮಾಡಾಕತ್ಯಾರ," ಎಂದ ಹಗ್ಗದ ಇನ್ನೊಂದು ತುದಿ ಹಿಡಿದವನು.

"ಸಮಾಧಾನದಿಂದ ಹೋದ ಅಂತಾರ. ಅವಗ ಸಮಾಧಾನ. ಒದಿಸ್ಕೊಂಡೋರಿಗೆ?"

ಹೊಳಲಿನಿಂದ ಬಂದಿದ್ದ ಕನಕರಾಜನ ಅಕ್ಕ ಪಂಪಮ್ಮ ದೂರದಲ್ಲಿ ನಿಂತಿದ್ದಳು.

"ಒಂದು ಹಿಡಿ ಮಣ್ಣು ಹಾಕಮ್ಮ," ಎಂದರು ಪಾಸ್ಟರ್.

"ಬದುಕಿದ್ದಾಗ ಹಾಕಬೇಕಿತ್ರಿ," ಎಂದಳು ಅವಳು.

ಸತ್ತವನ ಹೆಂಡತಿ ಮಾರೆಮ್ಮನ ಕಣ್ಣು ಕುಣಿಯ ಮೇಲಿರಲಿಲ್ಲ, ಪಂಪಮ್ಮನ ಕಾಲ ಮೇಲಿತ್ತು. ಎರಡು ಗಂಟೆಯ ಬಸ್ಸಿಗೆ ಆ ಕಾಲು ಹೊರಟುಹೋಗುತ್ತಿತ್ತು.

*

ಇಪ್ಪತ್ತೆರಡು ವರ್ಷಗಳ ಹಿಂದೆ, ಗಂಡನ ಹೊಡೆತ ತಾಳದೆ ಪಂಪಮ್ಮ ತಮ್ಮನ ಮನೆಗೆ ಬಂದಿದ್ದಳು. ಮೂರನೆಯ ದಿನ ಕನಕರಾಜ ಕುಡಿದು ಬಂದು ಅವಳ ಚಪ್ಪಲಿ ಒಲೆಗೆ ಹಾಕಿದ, ಅವಳನ್ನು ಬೀದಿಗೆ ತಳ್ಳಿದ. ಬೇಸಗೆಯ ನಡುಮಧ್ಯಾಹ್ನ ಕುದಿಯುವ ಡಾಂಬರಿನ ಮೇಲೆ ಬರಿಗಾಲಲ್ಲಿ ಅವಳು ಹತ್ತಿರದ ಪೇಟೆಯಾದ ಕೊಟ್ಟೂರಿನ ದಾರಿ ಹಿಡಿದಳು.

*

ಮೂರು ವರ್ಷದ ಹಿಂದೆ ಕನಕರಾಜ ಪ್ರಾರ್ಥನೆಗೆ ಹೋಗತೊಡಗಿದ. ಶುಭ ಶುಕ್ರವಾರದ ಹಿಂದಿನ ದಿನ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ಪಾಸ್ಟರು ಅವನ ಕಾಲು ತೊಳೆದಾಗ ಎಮ್ಮೆಯಂತೆ ಅತ್ತನಂತೆ, ಊರೆಲ್ಲ ನಕ್ಕಿತು. ಅಕ್ಕನ ಕಾಲು ತೊಳೆಯುತ್ತೇನೆಂದು ಅಂದೇ ದೇವರಿಗೆ ಮಾತು ಕೊಟ್ಟ. ವರ್ಷಕ್ಕೊಮ್ಮೆ ಬೋಗುಣಿ ಹಿಡಿದು ಹೊಳಲಿಗೆ ಹೋಗುತ್ತಿದ್ದ. ಅವಳು ಕಾಲನ್ನು ಸೀರೆಯೊಳಗೆ ಮಡಚಿ ಕೂರುತ್ತಿದ್ದಳು.

"ದೇವರು ಕ್ಷಮಿಸ್ಯಾನಕ್ಕ."

"ಕ್ಷಮಿಸ್ದೇನು ಮಾಡ್ತಾನ? ಕಾಲು ಸುಟ್ಟಿದ್ದು ನಂದು."

ಕೊನೆಯ ವಾರ ಕನಕರಾಜ ಹಾಸಿಗೆಯಿಂದ ಮಾರೆಮ್ಮನಿಗೆ ಹೇಳಿದ್ದು ಒಂದೇ ಮಾತು: "ನೀ ಮುಗಸು."

*

ಮಣ್ಣು ಮಾಡಿ ಬಂದವರು ಕಾಲು ತೊಳೆಯದೆ ಎಲ್ಲಿಗೂ ಹೋಗುವುದಿಲ್ಲ. ಮಾರೆಮ್ಮನ ಅಂಗಳದ ಬಕೆಟ್ಟಿನಿಂದ ಒಬ್ಬೊಬ್ಬರೇ ನೀರು ಸುರಿದುಕೊಂಡರು. ಕೊನೆಗೆ ಪಂಪಮ್ಮ ಕೈಚಾಚಿದಳು.

"ಚೊಂಬು ಕೊಡು."

"ಕೊಡಂಗಿಲ್ಲಕ್ಕ." ಮಾರೆಮ್ಮ ಕೆಸರಿನಲ್ಲೇ ಕುಕ್ಕರಿಸಿದಳು.

"ನೋಡ್ರಪಾ, ಸತ್ತ ಮ್ಯಾಲೂ ಇವನ ನಾಟಕ ಮುಗೀಲಿಲ್ಲ," ಎಂದ ಮೈಲಾರೇಶ್.

"ಏಳು ಮ್ಯಾಕೆ," ಪಂಪಮ್ಮ ಗದರಿದಳು. "ಅವ ಮಾಡಿದ್ದಕ್ಕ ನೀ ಯಾಕ ಬಗ್ಗತಿ? ನೀ ಏನು ಮಾಡೀಯ?"

"ಅವತ್ತು ಬಾಗಲ್ದಾಗ ನಿಂತು ನೋಡೀನಿ."

ಮೈಲಾರೇಶನ ಮನೆಯ ಬಾಗಿಲೂ ಅದೇ ಬೀದಿಗೇ ತೆರೆಯುತ್ತಿತ್ತು. ಅವನು ಚಪ್ಪಲಿ ಹುಡುಕತೊಡಗಿದ.

ಪಂಪಮ್ಮ ಸೀರೆಯನ್ನು ಗೇಣುದ್ದ ಎತ್ತಿ ಬಲಗಾಲು ಮುಂದಿಟ್ಟಳು. ಒಡೆದ ಹಿಮ್ಮಡಿಯ ಸಂದುಗಳಲ್ಲಿ ಕೂತಿದ್ದ ಮಣ್ಣನ್ನು ಮಾರೆಮ್ಮ ಹೆಬ್ಬೆರಳಿನಿಂದ ತಿಕ್ಕಿ ತೆಗೆದಳು. ದೂರದಲ್ಲಿ ಬಸ್ಸು ಹಾರನ್ ಹೊಡೆಯಿತು.

"ಇನ್ನೊಂದು ಕೊಡಕ್ಕ."

ಬೀಳಬಾರದೆಂದು ಪಂಪಮ್ಮ ಮಾರೆಮ್ಮನ ತಲೆಯ ಮೇಲೆ ಕೈಯೂರಿ, ಎಡಗಾಲನ್ನೂ ಎತ್ತಿ ಕೊಟ್ಟಳು.